ಮೂರನೇ ರೊಟ್ಟಿ

ಅಂದು ಬೆಳಗ್ಗೆ ಕಸ್ತೂರಿ ಬಡಿಗೇರ ಮನೆಮಂದಿಗೆಲ್ಲ ರೊಟ್ಟಿ ಬಡಿದು ಮುಗಿಸಿದ್ದಳು. ಅದರಲ್ಲಿ ತಾನು ತಿಂದದ್ದೆಷ್ಟು ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಮೊದಲನೆಯ ರೊಟ್ಟಿಯ ಅಂಚು ಹಂಚಿನ ಮೇಲೆ ಹರಿದಿತ್ತು, ಆ ಚೂರು ನಿಂತಲ್ಲೇ ಬಾಯಿಗೆ ಹೋಯಿತು. ಮಗ ಓಂಕಾರ ಅರ್ಧ ತಿಂದು ಶಾಲೆಗೆ ಓಡಿದ್ದ, ಉಳಿದರ್ಧವನ್ನು ಚೆಲ್ಲುವುದು ಹೇಗೆ ಎಂದು ತಟ್ಟೆ ತೊಳೆಯುವ ಮುಂಚೆ ನುಂಗಿದಳು. ಬಾಣಲೆಯ ತಳಕ್ಕೆ ಹತ್ತಿದ ಬದನೆಕಾಯಿ ಪಲ್ಯವನ್ನು ಬೆರಳಿನಿಂದ ಸವರಿ ನೆಕ್ಕಿದಳು. ಚಹಾ ಎರಡು ಸಲ ಆಗಿತ್ತು, ಎರಡು ಸಲವೂ ಅರ್ಧರ್ಧ ಲೋಟ, ಎರಡು ಸಲವೂ ಆರಿದ್ದು. ಇದನ್ನು ಊಟ ಎನ್ನಬೇಕೋ ತಿಂಡಿ ಎನ್ನಬೇಕೋ ಭಗವಂತನಿಗೇ ಗೊತ್ತು. ಅವಳಂತೂ ಇದಕ್ಕೊಂದು ಹೆಸರೇ ಇಟ್ಟಿರಲಿಲ್ಲ.

ಎಂಟೂ ಹತ್ತಕ್ಕೆ ಎಡ ರಟ್ಟೆಯ ಮೇಲಿನ ಬಿಲ್ಲೆ ಜುಮ್ಮೆಂದು ಹಸಿರಾಯಿತು. ಫೋನಿನೊಳಗಿನ ಹೆಂಗಸು ಜೇನು ಸುರಿಯುವ ದನಿಯಲ್ಲಿ ಹೇಳಿದಳು: "ನಿಮ್ಮ ಉಪಾಹಾರ ಮುಗಿದಿದೆ. ತೃಪ್ತಿಯ ಮಟ್ಟ ಉತ್ತಮ. ಈಗ ಇಪ್ಪತ್ತು ನಿಮಿಷ ನಡೆಯಿರಿ."

"ನಡೀತೀನಿ ನಮ್ಮವ್ವಾ. ನಡೀದ ಬಸ್ ಸ್ಟ್ಯಾಂಡಿಗೆ ಹಾರಿಕೊಂಡು ಹೋಗಲೇನು?" ಎಂದು ಗೊಣಗುತ್ತ ಕಸ್ತೂರಿ ಚಪ್ಪಲಿ ಮೆಟ್ಟಿದಳು. ಹೊಟ್ಟೆಯೊಳಗೆ ಏನೋ ಕೊರೆಯುತ್ತಿತ್ತು. ಆದರೆ ಬಿಲ್ಲೆ ಹಸಿರಾಗಿದೆಯಲ್ಲ, ಹಾಗಾದರೆ ಇದು ಹಸಿವಾಗಿರಲಿಕ್ಕಿಲ್ಲ, ಆಮ್ಲಪಿತ್ತವಿರಬೇಕು ಎಂದುಕೊಂಡಳು.

ಬಿಲ್ಲೆಯ ಸಂಗತಿ ಇಷ್ಟು. ಮನೆ ತುಂಬ ಕೆಲಸವಿರುವ ಹೆಂಗಸಿಗೆ ತನ್ನ ಹಸಿವು ತನಗೇ ಗೊತ್ತಾಗುವುದಿಲ್ಲ, ಅದನ್ನು ಯಂತ್ರವೊಂದು ಹೇಳಿಕೊಟ್ಟರೆ ಹೇಗೆ ಎಂದು ಧಾರವಾಡದ ದೇಹಮಾಪನ ಕೇಂದ್ರದ ಡಾ. ಇಂದುಮತಿ ದೇಸಾಯಿಯವರಿಗೆ ಒಂದು ದಿನ ಹೊಳೆಯಿತು. ಆರು ವರ್ಷ ತಲೆ ಕೆಡಿಸಿಕೊಂಡು ರೂಪಾಯಿ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಮಾಡಿದರು, ಅದಕ್ಕೆ 'ತೃಪ್ತಿ' ಎಂದು ಹೆಸರಿಟ್ಟರು. ಬಿಲ್ಲೆಯ ಅಡಿಯಲ್ಲಿ ಕೂದಲಿಗಿಂತ ಸಣ್ಣ ಮುಳ್ಳುಗಳಿವೆ. ಚರ್ಮದ ಕೆಳಗಿನ ನೀರಿನಲ್ಲಿ ಸಕ್ಕರೆ ಎಷ್ಟಿದೆ, ಹೊಟ್ಟೆ ಖಾಲಿಯಾದಾಗ ಜಠರ ಬಿಡುವ ರಸ ಎಷ್ಟಿದೆ, ಸ್ನಾಯು ಎಷ್ಟು ದಣಿದಿದೆ ಎಂದು ಅವು ನಿಮಿಷಕ್ಕೊಮ್ಮೆ ಅಳೆಯುತ್ತವೆ. ಆದರೆ ಅಂಕಿ ಸಿಕ್ಕ ಮಾತ್ರಕ್ಕೆ ಯಂತ್ರಕ್ಕೆ ಹಸಿವು ತಿಳಿದೀತೇ? ಈ ಅಂಕಿ ಇದ್ದಾಗ ಉಂಡಿದ್ದಳು, ಈ ಅಂಕಿ ಇದ್ದಾಗ ಉಂಡಿರಲಿಲ್ಲ ಎಂದು ಯಾರಾದರೂ ಕಲಿಸಬೇಕು. ಅದಕ್ಕೇ ಸುತ್ತಲಿನ ತಾಲ್ಲೂಕುಗಳ ಆರು ಸಾವಿರ ಹೆಂಗಸರ ರಟ್ಟೆಗೆ ಬಿಲ್ಲೆ ಅಂಟಿಸಿ, ಎರಡು ವರ್ಷದಿಂದ ಹೊತ್ತು ಹೊತ್ತಿಗೆ ಫೋನು ಮಾಡಿ ಕೇಳುತ್ತಿದ್ದರು. ಹಾಗೆ ಕೇಳುವ ಎಂಟು ಜನರಲ್ಲಿ ಕಸ್ತೂರಿಯೂ ಒಬ್ಬಳು.

ಅವಳು ಬಿಲ್ಲೆ ಹಚ್ಚಿಕೊಂಡದ್ದಕ್ಕೆ ಬೇರೆಯೇ ಕಾರಣವಿತ್ತು. ಐದು ತಿಂಗಳ ಹಿಂದೆ ಡಾಕ್ಟರು ರಕ್ತದ ವರದಿ ನೋಡಿ, "ಸಕ್ಕರಿ ಕಾಯಿಲೆ ಬಾಗಿಲಿಗೆ ಬಂದು ನಿಂತದ. ಒಳಗ ಕರೀತೀರೋ ಹೊರಗ ನಿಲ್ಲಸ್ತೀರೋ ನಿಮ್ಮ ಕೈಯಾಗದ," ಎಂದಿದ್ದರು. ಕಸ್ತೂರಿಯ ತಾಯಿಗೆ ಇದೇ ಕಾಯಿಲೆಯಲ್ಲಿ ಮೊದಲು ಎರಡು ಬೆರಳು ಹೋದವು, ಆಮೇಲೆ ಪಾದ ಹೋಯಿತು, ನಾಲ್ಕನೇ ವರ್ಷ ಜೀವವೇ ಹೋಯಿತು. ಕಸ್ತೂರಿಗೆ ಮೂವತ್ತೊಂಬತ್ತು. ಮಗಳು ನಂದಿತಾಗೆ ಹದಿನಾಲ್ಕು, ಓಂಕಾರನಿಗೆ ಎಂಟು. ಇನ್ನೂ ಹದಿನೈದು ವರ್ಷ ಎರಡೂ ಕಾಲ ಮೇಲೆ ನಿಂತಿರಬೇಕಿತ್ತು ಅವಳು.

ಪ್ರಯತ್ನ ಮಾಡಲಿಲ್ಲವೆಂದಲ್ಲ. ವಿಡಿಯೋ ನೋಡಿ ಯೋಗ ಮಾಡಲು ಚಾಪೆ ಹಾಸಿದರೆ ಚಾಪೆಯ ಮೇಲೆ ಓಂಕಾರ ಬಂದು ಮಲಗುತ್ತಿದ್ದ. ಓಟ್ಸ್ ತಂದರೆ ಅತ್ತೆ ಕಾಳವ್ವ ಅದನ್ನು ಎಮ್ಮೆಗೆ ಹಾಕುವ ಹೊಟ್ಟು ಎಂದು ತಿಳಿದು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು. ಡಬ್ಬಿಯಲ್ಲಿ ಸೌತೆಕಾಯಿ ಹೋಳು ಒಯ್ದರೆ ಡಬ್ಬಿ ಬಸ್ಸಿನಲ್ಲೇ ಉಳಿಯಿತು. ಸಾಕಾಗಿ ಹೋಗಿತ್ತು ಅವಳಿಗೆ. ಈ ಬಿಲ್ಲೆಯಾದರೋ ಯೋಚಿಸುವ ಕೆಲಸವನ್ನೇ ತೆಗೆದುಬಿಟ್ಟಿತು. ಉಣ್ಣು, ಸಾಕು, ನಡಿ ಎಂದು ತನಗೂ ಹೇಳುವವರು ಒಬ್ಬರಿದ್ದಾರಲ್ಲ ಎಂದು ಮೊದಲ ವಾರ ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಐದು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದಳು. ಹಳೇಹುಬ್ಬಳ್ಳಿಯ ಓಣಿಯ ಹೆಂಗಸರು ತಡೆದು ನಿಲ್ಲಿಸಿ, "ಏನವಾ, ಮದಲಗಿತ್ತಿ ಹಂಗ ಆಗೀಯಲ್ಲ!" ಎಂದರು. ಬರುವ ಒಂದನೇ ತಾರೀಖಿಗೆ ಎರಡು ಲಕ್ಷ ಹೆಂಗಸರಿಗೆ ತೃಪ್ತಿ ಹಂಚುವ ಸಮಾರಂಭವಿತ್ತು. ಅದರ ಪೋಸ್ಟರಿಗೆ ಕಸ್ತೂರಿಯ ಫೋಟೋನೇ ಹಾಕಿದ್ದರು. ಫೋಟೋದಲ್ಲಿ ಅವಳು ನಗುತ್ತಿದ್ದಳು. ಕಣ್ಣ ಕೆಳಗಿನ ಕಪ್ಪನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದರು.

ತಮಾಷೆಯೆಂದರೆ, ಎಂದಾದರೂ ಒಮ್ಮೆ ಪುರುಸೊತ್ತಾಗಿ ಕೂತು ಉಂಡರೆ ಬಿಲ್ಲೆಗೆ ಸಿಟ್ಟು ಬರುತ್ತಿತ್ತು. ಮೂರನೇ ರೊಟ್ಟಿ ಮುರಿದಳೋ ಇಲ್ಲವೋ, ಕೆಂಪಗಾಗಿ ಗರ್ರೆನ್ನುತ್ತಿತ್ತು. "ಆಹಾರ ಅತಿಯಾಗಿದೆ. ದಯವಿಟ್ಟು ನಿಲ್ಲಿಸಿ." ಕಸ್ತೂರಿ ನಾಚಿಕೊಂಡು ರೊಟ್ಟಿಯನ್ನು ಬುಟ್ಟಿಗೆ ಹಾಕಿಬಿಡುತ್ತಿದ್ದಳು.

ಒಮ್ಮೆ ಅದನ್ನು ಕೇಳಿಸಿಕೊಂಡ ಕಾಳವ್ವ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. "ಇದು ನಮ್ಮತ್ತಿ ಹಂಗ ಐತಲ್ಲವಾ! ಆಕಿನೂ ಮೂರನೇ ರೊಟ್ಟಿಗೆ ಹಿಂಗ ಗರ್ ಅಂತಿದ್ಲು. ಸತ್ತು ಮೂವತ್ತು ವರ್ಷಾತು, ನಿನ್ನ ರಟ್ಟಿಗೆ ಬಂದು ಕುಂತಾಳ ನೋಡು."

ಕಸ್ತೂರಿಯೂ ನಕ್ಕಳು. ನಗಲಿಕ್ಕೂ ಅಷ್ಟು ಶಕ್ತಿ ಉಳಿದಿರಲಿಲ್ಲ.

ಕೇಂದ್ರದಲ್ಲಿ ಅವಳ ಕುರ್ಚಿ ಕಿಟಕಿಯ ಪಕ್ಕಕ್ಕಿತ್ತು. ಕಿವಿಗೆ ಹೆಡ್‌ಫೋನು, ಎದುರಿಗೆ ಪರದೆ, ಪರದೆಯ ಮೇಲೆ ಎರಡು ಗುಂಡಿ: ಒಂದು ಹೌದು, ಒಂದು ಇಲ್ಲ. ಆ ದಿನದ ಮೂವತ್ತೊಂದನೆಯ ಕರೆ ಕುಂದಗೋಳ ಕಡೆಯ ನೀಲವ್ವನಿಗೆ ಹೋಯಿತು. ಆಗ ಮಧ್ಯಾಹ್ನ ಎರಡೂವರೆ.

"ಊಟ ಆತೇನ್ರಿ ನೀಲವ್ವಾರ?"

"ಆತ್ರೀ ಬಾಯಾರ. ನಿಮ್ದು?"

"ನಂದೂ ಆತ್ರಿ."

ಹಿಂದೆ ಮಗುವೊಂದು ಅಳುತ್ತಿತ್ತು, ಯಾರದು ಫೋನು ಎಂದು ಮುದುಕಿಯೊಬ್ಬಳು ಗದರುತ್ತಿದ್ದಳು, ಕುಕ್ಕರು ಕೂಗುತ್ತಿತ್ತು. ಕಸ್ತೂರಿ 'ಹೌದು' ಒತ್ತಿದಳು. ಅಲ್ಲೇ ಕಾಲ ಬಳಿ ಚೀಲದಲ್ಲಿ ಅವಳ ಡಬ್ಬಿ ತೆರೆಯದೆ ಕೂತಿತ್ತು. ನಲವತ್ತು ಕರೆ ಮುಗಿಸಿ ಉಣ್ಣೋಣವೆಂದುಕೊಂಡಿದ್ದಳು.

ಅಷ್ಟರಲ್ಲಿ ಅವಳ ಫೋನೂ ರಿಂಗಾಯಿತು. ಅವಳೂ ಬಿಲ್ಲೆ ಹಚ್ಚಿಕೊಂಡವಳಲ್ಲವೇ? ಎರಡು ಕುರ್ಚಿ ಆಚೆ ಕೂತ ಜುಬೇದಾ ನಿಯಮದ ಪ್ರಕಾರ ಫೋನಿನಲ್ಲೇ ಕೇಳಬೇಕು.

"ಕಸ್ತೂರಕ್ಕಾ, ಊಟ ಆತೇನು?"

"ಆತವಾ," ಎಂದಳು ಕಸ್ತೂರಿ. ಜುಬೇದಾ ಗುಂಡಿ ಒತ್ತಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಇಬ್ಬರಿಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ನಾಲ್ಕು ಗಂಟೆಗೆ ಚಹಾ ಮತ್ತು ಎರಡು ಬಿಸ್ಕೀಟು. ಬಿಲ್ಲೆ ಹಸಿರಾಯಿತು. "ಮಧ್ಯಾಹ್ನದ ಆಹಾರ ಮುಗಿದಿದೆ. ಸಂಜೆ ನಾಲ್ಕು ಸಾವಿರ ಹೆಜ್ಜೆ." ಹಾಗಾದರೆ ಡಬ್ಬಿ ತೆರೆಯುವುದು ಯಾಕೆ? ಮನೆಗೆ ಒಯ್ದರೆ ನಂದಿತಾ ತಿಂದಾಳು. ಕಸ್ತೂರಿ ಐದರ ಬಸ್ಸು ಹಿಡಿದಳು, ನಿಂತುಕೊಂಡೇ ಬಂದಳು, ಇಳಿದು ನೇರವಾಗಿ ಓಣಿಯ ಹಿಂದಿನ ಶಾಲೆಯ ಮೈದಾನಕ್ಕೆ ಹೋದಳು. ಚೀಲವನ್ನು ಬೇವಿನ ಮರಕ್ಕೆ ಒರಗಿಸಿ ಸುತ್ತು ಹಾಕತೊಡಗಿದಳು. ಮೂರನೇ ಸುತ್ತಿನಲ್ಲಿ ಕಾಲು ತನ್ನವಲ್ಲ ಅನ್ನಿಸಿತು. ಕೈ ನಡುಗಿತು, ಬೆನ್ನ ಮೇಲೆ ತಣ್ಣನೆಯ ಬೆವರಿಳಿಯಿತು. ಒಮ್ಮೆ ರಟ್ಟೆ ನೋಡಿಕೊಂಡಳು. ಹಸಿರೇ ಇತ್ತು. ಹಸಿರು ಇದ್ದಮೇಲೆ ಇನ್ನೇನು ಎಂದು ನಾಲ್ಕನೇ ಸುತ್ತಿಗೆ ಹೆಜ್ಜೆ ಎತ್ತಿದಳು.

ಎಚ್ಚರವಾದಾಗ ನರ್ಸಿಂಗ್ ಹೋಮಿನ ಮಂಚದ ಮೇಲಿದ್ದಳು. ಹಣೆಗೆ ಪಟ್ಟಿ ಕಟ್ಟಿತ್ತು. ಮೈದಾನದಲ್ಲಿ ನಡೆಯುತ್ತಿದ್ದ ಯಾರೋ ಹೆಂಗಸರು ಆಟೋದಲ್ಲಿ ತಂದು ಹಾಕಿದ್ದರಂತೆ. ಗಂಡ ಮೌನೇಶ ಲೇತ್ ಕೆಲಸದ ಎಣ್ಣೆಗೈಯಲ್ಲೇ ಓಡಿ ಬಂದಿದ್ದ. ಅವನು ಮೊದಲು ನೋಡಿದ್ದು ಅವಳ ರಟ್ಟೆಯನ್ನು.

"ಹಸಿರ ಐತಲ್ಲಲೇ ಇದು! ಹೆಂಗ ಬಿದ್ದಿ?"

ಸಣ್ಣ ವಯಸ್ಸಿನ ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿದ್ದಳು. "ಸಕ್ಕರಿ ಐವತ್ತೆಂಟಕ್ಕ ಇಳದಿತ್ತು. ಎಪ್ಪತ್ತರ ಕೆಳಗ ಬರಬಾರದು. ಮಧ್ಯಾಹ್ನ ಊಟ ಮಾಡಿದ್ರೇನು?"

"ಆಗೇತ್ರಿ," ಎಂದಳು ಕಸ್ತೂರಿ.

"ಏನು ಉಂಡ್ರಿ?"

ಕಸ್ತೂರಿ ಬಾಯಿ ತೆರೆದಳು. ಚಹಾ. ಎರಡು ಬಿಸ್ಕೀಟು. ಅದಕ್ಕೂ ಮುಂಚೆ? ಬೆಳಗ್ಗೆ ಮಗ ಬಿಟ್ಟ ಅರ್ಧ ರೊಟ್ಟಿ. ಹರಿದ ಅಂಚು. ಬಾಣಲೆಯ ತಳ. ಇದನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋದಂತೆ ಅವಳ ದನಿ ಸಣ್ಣಗಾಯಿತು. ಮೌನೇಶ ನೆಲ ನೋಡುತ್ತ ನಿಂತಿದ್ದ.

"ಅಂದ್ರ ಊಟ ಆಗಿಲ್ಲ," ಎಂದಳು ಡಾಕ್ಟರಮ್ಮ. "ಒಂಬತ್ತು ಕಿಲೋ ಇಳಿದೀನಿ ಅಂತೀರಿ. ಕರಗಿದ್ದು ಬೊಜ್ಜಲ್ರಿ, ಸ್ನಾಯು. ಮೂರು ತಿಂಗಳ ಸರಾಸರಿ ಸಕ್ಕರಿನೂ ತೆಗಿಸಿ ನೋಡಿದೆ. ಒಂದು ಗೆರಿನೂ ಕೆಳಗ ಬಂದಿಲ್ಲ. ಹಿಂಗ ಚೂರುಪಾರು ಸಕ್ಕರಿ ಚಹಾದಾಗ ದಿನ ದೂಡಿದ್ರ ಎಲ್ಲಿಂದ ಬರತೈತಿ? ಇನ್ನೊಂದು ವರ್ಷ ಹಿಂಗ ನಡದ್ರ ಆ ಕಾಯಿಲಿ ತಪ್ಪಿದ್ದಲ್ಲ ನಿಮಗ."

ಕಸ್ತೂರಿಯ ಮೈ ಝಲ್ಲೆಂದಿತು. ಕಾಯಿಲೆಗಲ್ಲ, ಅದರ ಹೆದರಿಕೆ ಮೊದಲಿನಿಂದ ಇದ್ದದ್ದೇ. ಸಕ್ಕರೆ ಐವತ್ತೆಂಟಕ್ಕಿಳಿದು ಮಂಚ ಹಿಡಿದು ಮಲಗಿದಾಗಲೂ ಡಾಕ್ಟರ ಮುಂದೆ ತಾನು 'ಆಗೇತ್ರಿ' ಎಂದೆನಲ್ಲ. ಅದನ್ನು ಯಾರೂ ತನ್ನ ಬಾಯಿಂದ ಹೇಳಿಸಿರಲಿಲ್ಲ, ಅದು ತಾನಾಗಿಯೇ ಬಂದಿತ್ತು. ಎರಡು ವರ್ಷದಿಂದ ತಾನು ಒತ್ತಿದ 'ಹೌದು'ಗಳೆಲ್ಲ ಎದುರಿಗೆ ಬಂದು ನಿಂತವು. ಆ ಹೆಂಗಸರೂ ಹೀಗೆಯೇ ಹೇಳಿದ್ದಲ್ಲವೇ? ನೀಲವ್ವನ ಮನೆಯಲ್ಲಿ ಎರಡೂವರೆಗೆ ಕುಕ್ಕರು ಇನ್ನೂ ಕೂಗುತ್ತಿತ್ತು!

ಮರುದಿನ ರಜೆ ಹಾಕು ಎಂದು ಮೌನೇಶ ಹೇಳಿದರೂ ಕೇಳದೆ ಕಸ್ತೂರಿ ಧಾರವಾಡಕ್ಕೆ ಹೋದಳು. ಇಂದುಮತಿ ಮೇಡಂ ಅವರ ಕೋಣೆಗೆ ಒಳಬಿಡುವ ಹೊತ್ತಿಗೆ ಮೂರೂವರೆ. ಗೋಡೆಯ ಮೇಲೆ ಕಸ್ತೂರಿಯದೇ ಫೋಟೋ ನಗುತ್ತಿತ್ತು. ಮೇಡಂ ಸಮಾರಂಭದ ಕಾಗದಗಳಲ್ಲಿ ಮುಳುಗಿದ್ದರು. ಅವರ ರಟ್ಟೆಯಲ್ಲೂ ಒಂದು ಬಿಲ್ಲೆಯಿತ್ತು, ಅದೂ ಹಸಿರಾಗಿತ್ತು.

ಏನು ಹೇಳಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ದಿನಾ ಕೇಳುವ ಪ್ರಶ್ನೆ. "ಮೇಡಂ, ಊಟ ಆತೇನ್ರಿ?"

"ಆತು. ನಿಮ್ದು?" ಮೇಡಂ ತಲೆಯೆತ್ತಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಅವರ ಊಟದ ಕ್ಯಾರಿಯರ್ ಇತ್ತು. ಒಂದು ಗಂಟೆಗೆ ಡ್ರೈವರ್ ತಂದಿಟ್ಟಿದ್ದು ಇಟ್ಟಲ್ಲೇ ಇತ್ತು. ಕಸ್ತೂರಿ ಅದನ್ನೆತ್ತಿ ತಂದು ಕಾಗದಗಳ ಮೇಲಿಟ್ಟಳು. ಕೊಂಡಿ ತೆಗೆದು ಮೇಲಿನ ಡಬ್ಬಿ ಬಿಚ್ಚಿದಳು. ಮೊಸರನ್ನ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು.

"ಕಸ್ತೂರಿ! ಏನಿದು, ತಲಿ ಕೆಟ್ಟದೇನು?"

"ನೀವು ಉಂಡಿಲ್ರಿ ಮೇಡಂ. ಆತು ಅಂದ್ರಿ. ನಿನ್ನೆ ನಾನೂ ಆತು ಅಂದೆ, ಸಂಜಿಗೆ ಬಿದ್ದೆ." ಹಣೆಯ ಪಟ್ಟಿ ತೋರಿಸಿದಳು. "ಆರು ಸಾವಿರ ಮಂದಿನೂ ಹಿಂಗ ಅಂದಾರ್ರಿ."

ಮೇಡಂ ಕನ್ನಡಕ ತೆಗೆದರು. "ಆರು ಸಾವಿರ ಮಂದಿ ಸುಳ್ಳು ಹೇಳ್ಯಾರ ಅಂತೀರೇನು?"

"ಸುಳ್ಳಂತ ಯಾರಿಗೂ ಅನಸೂದಿಲ್ರಿ ಅದು. ಊಟ ಆತೇನು ಅಂದ್ರ ಆತು ಅನ್ನೂದು, ಅಷ್ಟ. ಇಲ್ಲ ಅಂದ್ರ ಕೇಳಿದವರಿಗೆ ಮುಜುಗರ. ಬಾಜೂಕ ಅತ್ತಿ ಕುಂತಿರತಾಳ, 'ಮನ್ಯಾಗ ಕೂಳು ಹಾಕೂದಿಲ್ಲ ಅಂತ ಸೊಸಿ ಮಂದಿಗೆ ಹೇಳ್ತಾಳ' ಅಂತಾಳ. ನಾವು ಫೋನ್ ಮಾಡಿ ಕೇಳಿದ್ವಿ, ಅವರು ಮರ್ಯಾದಿಗೆ ಹೇಳಿದ್ರು, ನಾವು ಗುಂಡಿ ಒತ್ತಿದ್ವಿ. ಯಂತ್ರ ಅದನ್ನ ಕಲೀತು. ಎರಡು ಗುಟುಕು ಚಹಾ, ಅರ್ಧ ರೊಟ್ಟಿ ಅಂದ್ರ ಹೆಂಗಸಿನ ಊಟ ಅಂತ ತಿಳಕೊಂಡೈತ್ರಿ ಅದು. ಅದಕ್ಕ ಮೂರನೇ ರೊಟ್ಟಿಗೆ ಅತಿಯಾತು ಅಂತೈತಿ."

ಇಂದುಮತಿಯವರ ಮುಖ ಕೆಂಪಾಯಿತು. ಎಂಟು ವರ್ಷದ ಕೆಲಸ ಅವರದು. "ಹನ್ನೊಂದು ದಿನಕ್ಕ ಸಮಾರಂಭ ಅದ. ಈಗ ನಿಲ್ಲಿಸಿದ್ರ ಏನಾಗತದ ಗೊತ್ತದೇನು ನಿಮಗ? ಕೇಳೋ ವಿಭಾಗನ ಮುಚ್ಚತಾರ. ನಿಮ್ಮ ಎಂಟೂ ಮಂದಿ ಕೆಲಸ ಹೋಗತದ."

"ಗೊತ್ತೈತ್ರಿ," ಎಂದಳು ಕಸ್ತೂರಿ. ಅವಳಿಗೆ ಅಳು ಬಂತು, ತಡೆಯಲಿಲ್ಲ. "ಎರಡು ಲಕ್ಷ ಮಂದಿ ನನ್ನ ಫೋಟೋ ನೋಡಿ ಹಚ್ಚಿಕೊಳ್ಳೂದೈತಲ್ರಿ ಮೇಡಂ. ಮೈದಾನದಾಗ ಬಿದ್ರ ಯಾರರೆ ಎತ್ತತಾರ. ಒಲಿ ಮುಂದ ಬಿದ್ರ ಏನ್ ಮಾಡೂದ್ರಿ?"

ಮೇಡಂಗೆ ಏನು ಹೊಳೆಯಿತೋ, ಕುರ್ಚಿ ತಿರುಗಿಸಿ ಕಂಪ್ಯೂಟರಿನಲ್ಲಿ ಆರು ಸಾವಿರ ಹೆಂಗಸರ ಎರಡು ವರ್ಷದ ಗೆರೆಗಳನ್ನು ಹರಡಿದರು. ಹೊಟ್ಟೆ ತುಂಬ ಉಂಡರೆ ಸಕ್ಕರೆಯ ಗೆರೆ ಗುಡ್ಡದ ಹಾಗೆ ನಿಧಾನ ಏರಿ ನಿಧಾನ ಇಳಿಯಬೇಕು. ಇಲ್ಲಿ ಗುಡ್ಡವೆಂಬುದೇ ಇರಲಿಲ್ಲ, ದಿನವಿಡೀ ಸಣ್ಣ ಸಣ್ಣ ಉಬ್ಬುಗಳು. ಗುಡ್ಡವಿದ್ದರೆ ಹುಡುಕು ಎಂದು ಯಂತ್ರಕ್ಕೆ ಹೇಳಿದರು. ಅದು ಹುಡುಕಿ ತಂದದ್ದು ಬೇರೊಂದು ಕಡತದಿಂದ, 'ಅಸಹಜ, ಬಳಸಬೇಡಿ' ಎಂದು ಬರೆದು ಎತ್ತಿಟ್ಟ ಕಡತದಿಂದ. ಎಲ್ಲ ಗುಡ್ಡಗಳೂ ಶ್ರಾವಣದ ಅದೇ ಎರಡು ವಾರದಲ್ಲಿದ್ದವು.

"ಪಂಚಮಿ," ಎಂದಳು ಕಸ್ತೂರಿ. "ತವರಿಗೆ ಹೋಗಿರತಾರ್ರಿ."

ತವರಿನಲ್ಲಿ ತಾಯಿ ಕೂಡಿಸಿ ಬಡಿಸಿರುತ್ತಾಳೆ. ಇನ್ನೊಂದು ಹಾಕಿಕೋ, ನನ್ನಾಣೆ ಎಂದಿರುತ್ತಾಳೆ. ಆ ದಿನಗಳ ಗೆರೆ ಉಳಿದ ಐವತ್ತು ವಾರಕ್ಕೆ ಹೊಂದುವುದಿಲ್ಲವೆಂದು ಅದನ್ನು ಕಿತ್ತು ಬದಿಗಿಟ್ಟವರು ಸ್ವತಃ ಇಂದುಮತಿ ದೇಸಾಯಿಯವರೇ. ಕಡತದ ಮೇಲೆ ಅವರ ಹೆಸರಿತ್ತು. ಅವರು ಅದನ್ನು ಓದಿದರು, ಮೊಸರನ್ನದ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು, ಚಮಚ ಹುಡುಕಿದರು, ಸಿಗದೆ ಕೈಯಿಂದಲೇ ಒಂದು ತುತ್ತು ಬಾಯಿಗಿಟ್ಟರು.

"ಬೆಳಗಿನಿಂದ ಬರೇ ಮೂರು ಕಾಫಿ ಮ್ಯಾಲೆ ಇದ್ದೆ," ಎಂದರು. ಆಮೇಲೆ ಅಲ್ಲಿಯೇ ಫೋನೆತ್ತಿ ಸಮಾರಂಭ ಮುಂದೂಡಿ ಎಂದರು. ಆ ಕಡೆಯವರು ಬಾಯಿಗೆ ಬಂದ ಹಾಗೆ ಕೂಗಾಡಿದ್ದು ಕಸ್ತೂರಿಗೂ ಕೇಳಿಸಿತು. ಕೊನೆಗೆ ಎರಡು ತಿಂಗಳ ಗಡುವು ಸಿಕ್ಕಿತು. ಅಷ್ಟರೊಳಗೆ ಯಂತ್ರಕ್ಕೆ ಸರಿಯಾಗಿ ಕಲಿಸಿದರೆ ಸರಿ, ಇಲ್ಲದಿದ್ದರೆ ಎಲ್ಲರೂ ಮನೆಗೆ.

"ತವರಿನ ಊಟ ಸಿಕ್ಕದ," ಎಂದರು ಮೇಡಂ. "ಆದ್ರ ಅದು ಹಬ್ಬದ ಊಟ. ನನಗ ಬೇಕಾಗಿದ್ದು ಬರೇ ದಿನದ ಊಟ, ಸ್ವಂತ ಮನ್ಯಾಗ, ಹೊಟ್ಟಿ ತುಂಬ. ಆರು ಸಾವಿರದಾಗ ಅಂಥಾದ್ದು ಒಂದೂ ಇಲ್ಲ. ಕಸ್ತೂರಿ, ಭಾನುವಾರ ಮಧ್ಯಾಹ್ನ ನೀವು ಮೊದಲನೇ ಊಟ ಮಾಡ್ರಿ. ಬಿಲ್ಲಿ ಬಾಯಿ ಮುಚ್ಚಸ್ತೀನಿ, ಸುಮ್ಮನ ಅಳೀಲಿ. ಎಲ್ಲಾರಕ್ಕಿಂತ ಮೊದಲ ಕೂಡ್ರಿ, ನಡುವ ಏಳಬ್ಯಾಡ್ರಿ, ನಿಜವಾಗಿ ತುಂಬೋತನಕ ಸಾಕು ಅನಬ್ಯಾಡ್ರಿ."

ಕೇಳಲು ಏನು ಸುಲಭ! ಭಾನುವಾರ ಮಧ್ಯಾಹ್ನ ತಾಟು ಮುಂದಿಟ್ಟುಕೊಂಡು ಕೂತಾಗ ಕಸ್ತೂರಿಗೆ ಪರೀಕ್ಷೆಗೆ ಕೂತಷ್ಟು ಎದೆ ಹೊಡೆದುಕೊಂಡಿತು. ಓಂಕಾರನನ್ನು ಆಡಲು ಹೊರಗೆ ಕಳಿಸಿದ್ದಾಗಿತ್ತು. ಮೌನೇಶ ಹೊರಸಿನ ಮೇಲೆ ಮೊಬೈಲು ಹಿಡಿದು ಕೂತಿದ್ದ, ಆದರೆ ನೋಡುತ್ತಿದ್ದದ್ದು ಇವಳನ್ನೇ. ಕಾಳವ್ವ ಗೋಡೆಗೆ ಒರಗಿ, "ಗಂಡಸು ಮಕ್ಕಳು ಉಣ್ಣೂಕ್ಕಿಂತ ಮೊದಲ? ನನ್ನ ಕಣ್ಣಾಗ ಇದನ್ನೂ ನೋಡಬೇಕಾತಲ್ಲಪಾ," ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದಳು. ಬಡಿಸಲು ನಂದಿತಾ ನಿಂತಳು.

ಮೊದಲನೇ ರೊಟ್ಟಿ ಅವಸರದಲ್ಲಿ ಹೋಯಿತು. ಕಸ್ತೂರಿಗೆ ಕೂತು ತಿನ್ನುವ ರೂಢಿಯೇ ತಪ್ಪಿತ್ತು, ಮೊಣಕಾಲು ಏಳಲು ತವಕಿಸುತ್ತಿತ್ತು. ಎರಡನೆಯದಕ್ಕೆ ರುಚಿ ಗೊತ್ತಾಯಿತು. ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಸ್ವಲ್ಪ ಹೆಚ್ಚಾಗಿದೆ ಎಂದೂ ತಿಳಿಯಿತು. ಎಷ್ಟು ವರ್ಷದಿಂದ ಹೀಗೇ ಮಾಡುತ್ತಿದ್ದೆನೋ ಏನೋ ಎಂದುಕೊಂಡಳು. ಮೂರನೆಯದನ್ನು ಮುರಿದಾಗ ರಟ್ಟೆ ತಾನಾಗಿಯೇ ಬಿಗಿಯಿತು. ಬಿಲ್ಲೆ ಸುಮ್ಮನಿತ್ತು. ಪುಂಡಿಪಲ್ಯ ಹಚ್ಚಿ ತಿಂದಳು, ಬೇಳೆ ಹಾಕಿಸಿ ತಿಂದಳು. ಸಾಕೇ? ಒಳಗೆ ಕೇಳಿಕೊಂಡಳು. ಉತ್ತರ ಬರಲಿಲ್ಲ. ತನ್ನ ಹೊಟ್ಟೆ ತುಂಬಿದೆಯೋ ಇಲ್ಲವೋ ಎಂದು ತನಗೇ ಗೊತ್ತಾಗದಷ್ಟು ದೂರ ಬಂದುಬಿಟ್ಟಿದ್ದೆನಲ್ಲ ಎಂದು ಅವಳಿಗೆ ತುಂಬ ದುಃಖವಾಯಿತು. ಮತ್ತೆ ಕೇಳಿಕೊಂಡಳು. ಇಲ್ಲ, ಇನ್ನೂ ಬೇಕಿತ್ತು.

"ಇನ್ನೊಂದು ಹಾಕವಾ."

ನಂದಿತಾ ಬುಟ್ಟಿಯ ಬಟ್ಟೆ ಸರಿಸಿ ನಾಲ್ಕನೆಯದನ್ನು ಹಾಕಿದಳು. ಬುಟ್ಟಿಯ ತಳ ಕಾಣುತ್ತಿತ್ತು. ಕಸ್ತೂರಿ ಬೆಳಗ್ಗೆ ಕೈಗೆ ರೂಢಿಯಾದಷ್ಟೇ ಹಿಟ್ಟು ನಾದಿದ್ದಳು. ಆ ರೂಢಿಯಲ್ಲಿ ಅವಳಿಗೆಂದು ಎಂದೂ ಹಿಟ್ಟು ಇರುತ್ತಿರಲಿಲ್ಲ. ಇನ್ನು ಮೌನೇಶ, ಅತ್ತೆ, ಓಂಕಾರ ಉಣ್ಣಬೇಕು.

"ನೀನೂ ಕೂಡು ನನ್ನ ಬಾಜೂಕ," ಎಂದಳು ಮಗಳಿಗೆ.

ನಂದಿತಾ ಬುಟ್ಟಿಯ ಬಟ್ಟೆಯನ್ನು ಮತ್ತೆ ಮುಚ್ಚಿದಳು. "ನಂದು ಆತವ್ವಾ."

"ಯಾವಾಗ?"

"ಆಗಳೇ."

ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿರಲಿಲ್ಲ, ನಟನೆಯೂ ಇರಲಿಲ್ಲ. ನೀಲವ್ವ ಹೇಳುವ ಹಾಗೆ, ಇಂದುಮತಿ ಮೇಡಂ ತಲೆಯೆತ್ತದೆ ಹೇಳಿದ ಹಾಗೆ, ತಾನು ಮಂಚದ ಮೇಲೆ ಮಲಗಿ ಹೇಳಿದ ಹಾಗೆ ಅವಳೂ ಹೇಳಿದ್ದಳು. ಬೆಳಗ್ಗೆ ಒಂದು ಲೋಟ ಚಹಾ ಬಿಟ್ಟರೆ ಈ ಹುಡುಗಿ ಏನೂ ತಿಂದಿಲ್ಲವೆಂಬುದು ಕಸ್ತೂರಿಗೆ ಗೊತ್ತಿತ್ತು. ಇವಳಿಗೆ ಇದನ್ನು ಕಲಿಸಿದ್ದು ಯಾರು? ಯಾರೂ ಫೋನು ಮಾಡಿ ಕೇಳಿರಲಿಲ್ಲ, ಯಾರೂ ಗುಂಡಿ ಒತ್ತಿರಲಿಲ್ಲ. ಹದಿನಾಲ್ಕು ವರ್ಷ ದಿನಾ ಎದುರಿಗೆ ನಿಂತು ನೋಡಿದ್ದಳು, ಅಷ್ಟೇ.

ಕಸ್ತೂರಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ಎದ್ದು ಹೋಗಿ ಇನ್ನಾರು ರೊಟ್ಟಿ ಬಡಿದು ಬರೋಣವೆಂದು ಮೈಯೆಲ್ಲ ಹಾತೊರೆಯಿತು. ಆದರೆ ಎದ್ದರೆ ಈ ಹುಡುಗಿ ನಾಳೆಯೂ ಹೀಗೇ ಹೇಳುತ್ತಾಳೆ. ಅವಳು ಏಳಲಿಲ್ಲ. ಮಗಳ ಲಂಗದ ಅಂಚು ಹಿಡಿದು ಕೆಳಗೆಳೆದು ಪಕ್ಕದಲ್ಲಿ ಕೂರಿಸಿದಳು. ತನ್ನ ತಾಟನ್ನು ಇಬ್ಬರ ನಡುವೆ ಇಟ್ಟಳು.

"ಏನ್ರೀ," ಎಂದಳು ಹೊರಸಿನ ಕಡೆ ತಿರುಗಿ. "ಹಿಟ್ಟು ಡಬ್ಬಿಯೊಳಗ ಐತಿ. ನೀರು ಕಾಸಿ ನಾದಬೇಕು."

ಮೌನೇಶ ಮೊಬೈಲು ಕೆಳಗಿಟ್ಟ. ಹೆಂಡತಿಯ ಮುಖ ನೋಡಿದ, ಹಣೆಯ ಪಟ್ಟಿ ನೋಡಿದ, ಆಮೇಲೆ ತಾಯಿಯ ಮುಖ ನೋಡಿದ.

"ನನ್ನ ಮಾರಿ ಏನ್ ನೋಡ್ತಿ?" ಎಂದಳು ಕಾಳವ್ವ. "ಎದ್ದು ಹೋಗು. ಹಂಚು ಭಾಳ ಕಾಸಬ್ಯಾಡ, ಹೊತ್ತೀತು."

ಅವನು ಎದ್ದ. ಒಳಗೆ ಪಾತ್ರೆ ಬಿದ್ದ ಸದ್ದಾಯಿತು, ಹಿಟ್ಟಿನ ಡಬ್ಬಿ ಯಾವುದು ಎಂದು ಕೂಗಿದ, ಕಾಳವ್ವ ಕೂತಲ್ಲಿಂದಲೇ ಹೇಳಿಕೊಟ್ಟಳು. ಬಂದ ಮೊದಲ ರೊಟ್ಟಿ ಮೂರು ಮೂಲೆಯಾಗಿ ಬಂತು. ನಂದಿತಾ ನಕ್ಕು ಅದನ್ನೇ ಮುರಿದಳು. ಮೊದಮೊದಲು ಹಿಂಜರಿದು ಚೂರು ಚೂರು ತಿಂದಳು, ಆಮೇಲೆ ತಲೆ ತಗ್ಗಿಸಿ ಗಬಗಬ ತಿನ್ನತೊಡಗಿದಳು. ಕಸ್ತೂರಿಗೂ ಅಷ್ಟರಲ್ಲಿ ಹೊಟ್ಟೆ ತುಂಬಿತು. ನಿಜವಾಗಿಯೂ ತುಂಬಿತು, ತುಂಬಿದ್ದು ಗೊತ್ತಾಯಿತು. ಕಣ್ಣು ಎಳೆಯುತ್ತಿತ್ತು, ಅಲ್ಲೇ ಗೋಡೆಗೊರಗಿ ಮಲಗಿಬಿಡೋಣ ಅನ್ನಿಸುವಷ್ಟು ದಣಿವಾಗಿತ್ತು. ಆದರೂ ಕೂತಿದ್ದಳು, ಮಗಳು ಏಳುವ ತನಕ ತಾನೂ ಏಳಬಾರದೆಂದು.

ಎರಡು ರೊಟ್ಟಿ ಮುಗಿದವು. ನಂದಿತಾ ಬೆರಳು ನೆಕ್ಕಿದಳು.

"ತುಂಬಿತೇನು?" ಎಂದು ಕಸ್ತೂರಿ ಕೇಳಿದಳು.

ನಂದಿತಾ ತಳ ಕಾಣುತ್ತಿದ್ದ ಬುಟ್ಟಿ ನೋಡಿದಳು. ಅಜ್ಜಿಯನ್ನು ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ಮೊಣಕೈ ತನಕ ಹಿಟ್ಟು ಮಾಡಿಕೊಂಡು ನಿಂತ ಅಪ್ಪನನ್ನು ನೋಡಿದಳು. 'ಹೂಂ' ಅನ್ನಲು ಬಾಯಿ ತೆರೆದವಳು ಅವ್ವನ ಕಡೆ ತಿರುಗಿ ತಡೆದಳು.

"ಇಲ್ಲ," ಎಂದಳು. "ಇನ್ನೊಂದು ಬೇಕು."